ಗಾಲಿಗೆ ಕಲ್ಲು ಕೊಡುವ ಅವ್ವ

ನನ್ನ ತವರಿನ ಹಳೆಯ ಟ್ರ್ಯಾಕ್ಟರಿನಲ್ಲಿ ಇಲ್ಲದ ಸೌಕರ್ಯವಿಲ್ಲ. ಮೂರು ನಮೂನೆಯ ಹಾರ್ನ್, ಬಂಪರಿನ ತುಂಬ ಬಣ್ಣದ ಲೈಟು, ಗೊಂಡೆ ತೂಗುವ ಟಾಪು, ಸೀಟಿನ ಹಿಂದೆ ನಮ್ಮ ದೇವರ ಜಗಲಿಗಿಂತ ದೊಡ್ಡದಾದ ಸೌಂಡ್ ಬಾಕ್ಸ್. ಎಲ್ಲವೂ ನನ್ನ ತಮ್ಮನ ಕರಾಮತ್ತು. ಗಂಗಾವತಿಯ ಗದ್ದೆಗಳಲ್ಲಿ ಓಡಾಡುವ ಹೊಸ ಗಾಡಿಗಳನ್ನು ನೋಡಿಬಂದಾಗೆಲ್ಲ ಅವನಿಗೆ ಕೈ ಕಡಿಯುತ್ತಿತ್ತು. ಇಷ್ಟೆಲ್ಲ ಶೃಂಗಾರ ಮಾಡಿಕೊಂಡ ಆ ಗಾಡಿಗೆ ಒಂದೇ ಕೊರತೆ, ಅದು ನಿಲ್ಲಿಸಿದಲ್ಲಿ ನಿಲ್ಲುತ್ತಿರಲಿಲ್ಲ.

ಬ್ರೇಕ್ ಪೆಡಲ್ ತುಳಿದು ಪಕ್ಕದ ಸಣ್ಣ ಲಿವರ್ ಎತ್ತಿದರೆ, ಒಳಗಿನ ಕೊಕ್ಕೆ ಹಲ್ಲಿಗೆ ಸಿಕ್ಕಿ, ಕಾಲು ತೆಗೆದರೂ ಬ್ರೇಕ್ ಬಿಡಬಾರದು. ಬ್ರೇಕ್ ಲಾಕ್ ಅಂದರೆ ಅಷ್ಟೇ. ನಮ್ಮದರ ಹಲ್ಲುಗಳು ಸವೆದು ಮುದುಕರ ಬಾಯಿಯಂತಾಗಿದ್ದವು. ಸಪಾಟು ನೆಲದಲ್ಲಿ ನಿಲ್ಲಿಸಿದರಾಯಿತಲ್ಲ ಎನ್ನಬೇಡಿ. ತಮ್ಮನ ಹಾಡುಗಳು ಬ್ಯಾಟರಿಯನ್ನೆಲ್ಲ ಹೀರಿಬಿಡುತ್ತಿದ್ದವು. ಕೀಲಿ ತಿರುವಿದರೆ ಇಂಜಿನ್ ಒಮ್ಮೆ ಗೊರಕೆ ಹೊಡೆದು ಮತ್ತೆ ಮಲಗುತ್ತಿತ್ತು. ಹೀಗಾಗಿ ಅಪ್ಪ ಯಾವ ಊರಿಗೆ ಹೋದರೂ ಮೊದಲು ಇಳಿಜಾರು ಹುಡುಕುತ್ತಿದ್ದ. ಅಲ್ಲಿ ನಿಲ್ಲಿಸಿದರೆ ಉರುಳಿಸಿಕೊಂಡೇ ಚಾಲೂ ಮಾಡಬಹುದು. ಬೇಕಾದಾಗ ಉರುಳಬೇಕು, ಅಲ್ಲಿಯವರೆಗೆ ಉರುಳಬಾರದು. ಆ ನಡುವಿನ ಹೊತ್ತಿನ ಜವಾಬ್ದಾರಿ ನಮ್ಮವ್ವನದು.

ಅವ್ವ ಮಡಗಾರ್ಡಿನ ಮೇಲೆ ಕೂರುತ್ತಿದ್ದಳು, ತೊಡೆಯ ಮೇಲೆ ಗೋಣಿತಟ್ಟಿನಲ್ಲಿ ಸುತ್ತಿದ ಕಲ್ಲು. ಅಪ್ಪ ಬ್ರೇಕ್ ತುಳಿದು “ಹೂಂ” ಅಂದದ್ದೇ ತಡ, ಧಡಕ್ಕನೆ ಇಳಿದು ಗಾಲಿಯ ಕೆಳಗೆ ಕಲ್ಲು ಕೊಡುತ್ತಿದ್ದಳು. ಅವಳ ಕಲ್ಲನ್ನು ಬೇರೆಯವರು ಮುಟ್ಟುವಂತಿರಲಿಲ್ಲ. “ಕಲ್ಲಂದ್ರ ಯಾವ ಕಲ್ಲಾದ್ರೂ ನಡೀತೈತೇನು?” ಎಂದು ನನ್ನನ್ನೇ ಗದರಿದ್ದಾಳೆ.

ನಮ್ಮ ಓಣಿಯ ಬೇರೆ ಹೆಂಗಸರು ಊರು ದಾಟಬೇಕಾದರೆ ಯಾರದಾದರೂ ಮದುವೆಯಾಗಬೇಕು, ಇಲ್ಲ ಯಾರಾದರೂ ಸಾಯಬೇಕು. ಅವ್ವ ಮಾತ್ರ ಕಲ್ಲಿನ ದಯೆಯಿಂದ ಕುಕನೂರಿನ ಸಂತೆ, ಕುಷ್ಟಗಿಯ ಬೀಜದ ಅಂಗಡಿ, ನವಲಿಯ ಬೀಗರ ಭತ್ತದ ಗದ್ದೆ ಎಲ್ಲವನ್ನೂ ಸುತ್ತಿದ್ದಳು. ಯಾವ ಹೋಟೆಲಿನ ಮಿರ್ಚಿ ಭಜಿ ಖಾರ, ಯಾವುದರಲ್ಲಿ ಬರೀ ಹಿಟ್ಟು ಎಂದು ಅವಳನ್ನು ಕೇಳಬೇಕು. ಹೆಂಡತಿಯನ್ನು ಸುಮ್ಮನೆ ತಿರುಗಾಡಿಸುವ ಜಾತಿಯವನಲ್ಲ ನಮ್ಮಪ್ಪ. ಕೆಲಸವಿತ್ತು, ಕರೆದೊಯ್ಯುತ್ತಿದ್ದ. ಕಲ್ಲಿನ ಕೆಲಸ ಹೋದರೆ ಅವ್ವನ ತಿರುಗಾಟವೂ ಹೋದಂತೆಯೇ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈ ದೀಪಾವಳಿಗೆ ನಾನು ತವರಿಗೆ ಹೋದಾಗ ತಮ್ಮ ಮೊಟ್ಟಮೊದಲ ಬಾರಿಗೆ ಒಂದು ಉಪಯೋಗದ ಕೆಲಸ ಮಾಡಿದ್ದ. ಫಿಟ್ಟರನ ಹತ್ತಿರ ಹೊಸ ಹಲ್ಲಿನ ಪಟ್ಟಿ, ಹೊಸ ಕೊಕ್ಕೆ ಕೂರಿಸಿ, ಲಿವರಿನ ತುದಿಗೆ ಹಿಡಿಯಲು ಕೆಂಪು ಗುಬುಟು ಬೇರೆ ಹಾಕಿಸಿದ್ದ. ಪರೀಕ್ಷೆಗೆಂದು ನಾವೆಲ್ಲ ಕೆರೆಯ ಏರಿಯ ಇಳಿಜಾರಿಗೆ ಹೋದೆವು. ಅಪ್ಪ ಬ್ರೇಕ್ ತುಳಿದು ಲಿವರ್ ಎತ್ತಿದ. ಕಟಕಟ ಎಂದಿತು. ಮೆಲ್ಲಗೆ ಕಾಲು ತೆಗೆದ. ಗಾಡಿ ಅಲುಗಲಿಲ್ಲ!

“ನಿಂತೈತಿ! ಯಪ್ಪಾ, ನಿಂತೈತಿ ನೋಡು!” ಎಂದು ತಮ್ಮ ಹಾಡು ಹಚ್ಚಿ ಕುಣಿದೇಬಿಟ್ಟ. ಅಪ್ಪ ಸೀಟಿನ ಮೇಲೆ ಮದುಮಗನ ಹಾಗೆ ಕೂತು ನಗುತ್ತಿದ್ದ. ನಾನೂ ಕುಣಿಯುತ್ತಿದ್ದವಳು ಹಾಗೇ ತಿರುಗಿ ನೋಡಿದೆ. ಅವ್ವ ಕಲ್ಲನ್ನು ಎದೆಗೆ ಅವುಚಿಕೊಂಡು ಆ ಕೆಂಪು ಗುಬುಟನ್ನೇ ನೋಡುತ್ತ ನಿಂತಿದ್ದಳು.

ಮರುವಾರ ಸಂತೆಯ ದಿನ ಅವ್ವ ಎಂದಿನಂತೆ ಇಳಕಲ್ ಸೀರೆ ಉಟ್ಟು ಬಂದಳು. ಅಪ್ಪ ಆಗಲೇ ಸೀಟಿನ ಮೇಲಿದ್ದ. “ಈಗ್ಯಾಕ ಬರ್ತಿ? ಲಾಕ್ ಐತಲ್ಲ. ಮನ್ಯಾಗ ತಣ್ಣಗ ಕುಂದ್ರು,” ಎಂದು ಪ್ರೀತಿಯಿಂದಲೇ ಹೇಳಿ ಹೊರಟುಹೋದ. ಕೇಡಿನ ಮನುಷ್ಯನಲ್ಲ, ತಲೆಗೆ ಹೊಳೆಯುವುದಿಲ್ಲ ಅಷ್ಟೇ. ನಾನು ಅವನಿಗೆ ನಾಲ್ಕು ಮಾತು ಅನ್ನಬೇಕೆಂದು ಹಲ್ಲು ಕಡಿಯುತ್ತಿದ್ದೆ. ಅವ್ವ ಮಾತ್ರ ನೆರಿಗೆ ಎತ್ತಿ ಸಿಕ್ಕಿಸಿ ತಮ್ಮನ ಕಡೆ ತಿರುಗಿದಳು.

“ನನಗ ಗಾಡಿ ಹೊಡಿಯೂದು ಕಲಸು.”

“ಯವ್ವಾ, ಹುಚ್ಚು ಹಿಡದೈತೇನು?”

“ಹಿಡದೈತಿ. ಕಲಸ್ತಿಯೋ, ಇಲ್ಲಾ ಆ ಹಾಡಿನ ಡಬ್ಬಿ ಕಿತ್ತೊಗೀಲೋ?”

ತಮ್ಮ ತಕ್ಷಣ ಗುರುವಾದ. ಮರುದಿನವೇ ಸಜ್ಜೆ ಕೊಯ್ದ ಹೊಲದಲ್ಲಿ ಪಾಠ ಶುರುವಾಯಿತು. ಕಲಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕೂತು ಅವಳು ಕಲ್ಲೊಂದನ್ನೇ ನೋಡಿರಲಿಲ್ಲ, ಅಪ್ಪನ ಕೈ, ಕಾಲು, ಅವನು ಯಾವ ಗೇರಿಗೆ ಬೈಯುತ್ತಾನೆ ಎಲ್ಲವನ್ನೂ ನೋಡಿದ್ದಳು. ಮೊದಲ ದಿನ ಬದುವಿನ ಜಾಲಿಕಂಟಿಗೆ ನುಗ್ಗಿಸಿದಳು, ಎರಡನೇ ದಿನ ಅದೇ ಕಂಟಿಯನ್ನು ಸುತ್ತಿ ಬಂದಳು. ಹಾರ್ನ್ ಮಾತ್ರ ಬಿಡುವಿಲ್ಲದೆ ಬಾರಿಸುತ್ತಿದ್ದಳು, ಖಾಲಿ ಹೊಲದಲ್ಲಿ ಯಾರಿಗೆಂದು ಗೊತ್ತಿಲ್ಲ. ನಾನು ಬದುವಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಲೈಸೆನ್ಸಿಗೆಂದು ನಾನೂ ತಮ್ಮನೂ ಅವ್ವನನ್ನು ಕೊಪ್ಪಳದ ಆರ್‌ಟಿಓ ಕಚೇರಿಗೆ ಕರೆದುಕೊಂಡು ಹೋದೆವು. ಕಿಟಕಿಯ ಒಳಗಿದ್ದವರು ನನ್ನ ಮುಖ ನೋಡಿದರು, ತಮ್ಮನ ಮುಖ ನೋಡಿದರು. “ಯಾರಿಗ್ರಿ?” ಎಂದರು. “ಇತ್ಲಾಗ ನೋಡ್ರಿ, ನನಗ,” ಎಂದಳು ಅವ್ವ. ಸುತ್ತ ನಿಂತಿದ್ದ ಜನ ನಕ್ಕರು. ಅವರೆಲ್ಲರಿಗಿಂತ ಜೋರಾಗಿ ಅವ್ವನೇ ನಕ್ಕಳು. ಗಾಡಿ ಹೊಡೆದು ತೋರಿಸುವ ದಿನ ಬಂದಾಗ ತೋರಿಸಿದಳು, ಪಾಸಾದಳು.

ಅಪ್ಪ ಇದನ್ನೆಲ್ಲ ನೋಡಿಯೂ ನೋಡದವನಂತೆ ಇದ್ದ. ಹೆಂಗಸರ ಆಟ, ತಾನಾಗಿ ಮುಗಿಯುತ್ತದೆ ಎಂದುಕೊಂಡಿದ್ದನೇನೋ. ಲೈಸೆನ್ಸ್ ಕೈಗೆ ಬಂದ ಮೇಲಿನ ಸಂತೆಗೆ ನಾನು ಮತ್ತೆ ತವರಿಗೆ ಬಂದಿದ್ದೆ. ಅಂದು ಅಪ್ಪ ಟವೆಲ್ ಕೊಡವಿಕೊಂಡು ಹೊರಬರುವಷ್ಟರಲ್ಲಿ ಅವ್ವ ಸೀಟಿನ ಮೇಲೆ ಕೂತಾಗಿತ್ತು. ಲಾಕ್ ಬಿಟ್ಟು, ಅಂಗಳದ ಇಳಿಜಾರಿನಲ್ಲೇ ಉರುಳಿಸಿ ಚಾಲೂ ಮಾಡಿ, ಹಾರ್ನ್ ಹೊಡೆದಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಅಪ್ಪ ಆಚೀಚೆ ನೋಡಿದ, ಬೇರೆ ದಾರಿ ಕಾಣದೆ ಮಡಗಾರ್ಡ್ ಏರಿದ. ನಾನೂ ತಮ್ಮನೂ ಹಿಂದಿನ ಟ್ರೇಲರಿಗೆ ಹಾರಿಕೊಂಡೆವು. ಇಂಥ ತಮಾಷೆ ಬಿಡುವುದುಂಟೇ!

ದಾರಿಯುದ್ದಕ್ಕೂ ಅಪ್ಪ ಗಾಳಿಯಲ್ಲೇ ಬ್ರೇಕ್ ತುಳಿಯುತ್ತಿದ್ದ. ಎದುರು ಬಂದ ಪರಿಚಯದವರಿಗೆಲ್ಲ ತಾನೇ ಕಲಿಸಿದವನಂತೆ ಕೈ ಎತ್ತುತ್ತಿದ್ದ. ಸಂತೆಯ ಹತ್ತಿರದ ಇಳಿಜಾರು ಕಂಡದ್ದೇ ಅಭ್ಯಾಸಬಲದಿಂದ ಅವನ ದನಿ ಏರಿತು. “ಕುಕನೂರು ಬಂತು. ಏ, ಇಲ್ಲೇ ನಿಲ್ಲಸು!”

“ನಿಲ್ಲಸೂದು ಜಲ್ಮ ಪೂರ್ತಿ ಮಾಡೀನ್ರಿ,” ಎಂದಳು ಅವ್ವ. “ಗಟ್ಟ್ಯಾಗಿ ಹಿಡಕೊಂಡು ಕುಂದರ್ರಿ.” ಗೇರ್ ಬದಲಿಸಿ, ಸಂತೆಯನ್ನು ಹಿಂದೆ ಬಿಟ್ಟು, ನಮಗೆ ಯಾವ ಕೆಲಸವೂ ಇಲ್ಲದ ಯಲಬುರ್ಗಾದ ರಸ್ತೆಗೆ ಹೊರಳಿಸಿದಳು.