ಸೋಮಶೇಖರಪ್ಪನವರ ದಬ್ಬಣ

ಸೋಮಶೇಖರಪ್ಪನವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ದಬ್ಬಣ ಇರುತ್ತಿತ್ತು, ಬಿಳಿ ದಾರ ಪೋಣಿಸಿಯೇ. ಸೊರಬದ ನಮ್ಮ ತಾಲ್ಲೂಕು ಕಚೇರಿಗೆ ಎಷ್ಟು ಸ್ಟೇಪ್ಲರ್ ಬಂದರೂ ಹಿರಿಯ ಗುಮಾಸ್ತರಾದ ಅವರು ಮಾತ್ರ ಕಾಗದಗಳ ಎಡಮೂಲೆ ಚುಚ್ಚಿ, ಹೊಲಿದು, ಗಂಟು ಹಾಕುತ್ತಿದ್ದರು. ಪಿನ್ನು ಕಿತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಹೊಲಿಗೆ ಬಿಚ್ಚಿದವನು ಸಿಕ್ಕಿಬೀಳುತ್ತಾನೆ ಎಂಬುದು ಅವರ ವಾದ. ನಾವು ಹಿಂದಿನಿಂದ ನಗುತ್ತಿದ್ದೆವು.

ನನ್ನ ಮೇಲೆ ಇಲಾಖಾ ವಿಚಾರಣೆ ಬಂದಾಗ ನನ್ನ ನಗು ನಿಂತಿತು. ಹೊಸಬಾಳೆ ಕಡೆಯ ಜಮೀನಿನ ಕಡತವೊಂದು ಕಾಣೆಯಾಗಿತ್ತು. ಕಡತಗಳ ಕೋಣೆ ನನ್ನ ವಶದಲ್ಲಿತ್ತು. ಅದನ್ನು ಒಯ್ದವರು ನಮ್ಮ ಸಾಹೇಬರೇ. ಸಂಜೆ ಕೊಡುತ್ತೇನೆ ಎಂದರು, ನಾನು ವಹಿಯಲ್ಲಿ ಸಹಿ ಕೇಳಲಿಲ್ಲ. ಮೇಲಿನವರ ಹತ್ತಿರ ಸಹಿ ಕೇಳಲು ನಾಲಿಗೆ ಏಳುವುದಿಲ್ಲ, ನಮ್ಮಂಥವರೆಲ್ಲ ಮಾಡುವ ತಪ್ಪು ಅದು. ಈಗ ಅವರು ಒಯ್ದೇ ಇಲ್ಲವೆಂದರು. ಗಂಡ ತೀರಿಕೊಂಡ ಮೇಲೆ ನನಗೂ ಇಬ್ಬರು ಮಕ್ಕಳಿಗೂ ಆ ಕೆಲಸ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ನೋಟಿಸು ಓದಿ ಅಳುತ್ತ ಕೂತಿದ್ದೆ. ಸೋಮಶೇಖರಪ್ಪ ಎದುರು ಬಂದು ನಿಂತರು.

"ಅಳೂದು ಆಮ್ಯಾಲೂ ಅಳಬೋದು ತಂಗಿ. ಕವರ್ ಎಲ್ಲೈತಿ?"

ಕಸದ ಬುಟ್ಟಿಗೆ ಎಸೆದಿದ್ದೆ. ಅವರು ಬಗ್ಗಿ, ಚಹಾದ ಕಾಗದದ ಲೋಟಗಳ ನಡುವಿನಿಂದ ಅದನ್ನೆತ್ತಿ ಪಂಚೆಯ ಅಂಚಿನಲ್ಲಿ ಒರೆಸಿದರು.

"ಅಂಚೆ ಮೊಹರು ನೋಡು. ಉತ್ರ ಕೊಡಾಕ ಹದಿನೈದು ದಿನ ಅಂದ್ರ ಇದು ನಿನ್ನ ಕೈ ಸೇರಿದ ದಿನದಿಂದ. ಕವರ್ ಇಲ್ಲಂದ್ರ ನಿನ್ನ ದಿನಾನ ಅವ್ರು ತಮಗ ಬೇಕಾದಂಗ ಎಣಿಸ್ತಾರ."

ಅಂದಿನಿಂದ ಅವರು ಹೇಳಿದಂತೆ ನಡೆದೆ. ಯಾರು ಏನೆಂದರು, ಯಾವ ದಿನ, ಯಾರೆದುರು, ಎಲ್ಲವನ್ನೂ ಸಂಜೆ ಮನೆಗೆ ಹೊರಡುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಕೊಟ್ಟ ಕಾಗದಕ್ಕೆಲ್ಲ ಎರಡು ಪ್ರತಿ, ನನ್ನ ಪ್ರತಿಯ ಮೇಲೆ ಕಚೇರಿಯ ಮೊಹರು. "ತಲಿ ನಂಬಬ್ಯಾಡ, ಹೆದರಿದ ತಲಿ ಮರೀತೈತಿ" ಎನ್ನುತ್ತ ಅವರು ಒಂದೊಂದನ್ನೂ ಹೊಲಿಯುತ್ತಿದ್ದರು. ಸಾಹೇಬರು ಕಡತ ಒಯ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಸಾಕ್ಷಿಗೆ ತಮ್ಮ ಹೆಸರನ್ನು ತಾವೇ ಬರೆಸಿದರು.

ವಾರದೊಳಗೆ ಯಾವುದೋ ಹಳೆಯ ವಿಷಯ ಕೆದಕಿ ಅವರಿಗೂ ನೋಟಿಸು ಬಂತು. ನಿವೃತ್ತಿಗೆ ಮೂರೇ ತಿಂಗಳಿತ್ತು.

"ನಿಮ್ದಕ್ಕೆ ಉತ್ತರ ಬರದ್ರಾ ಅಣ್ಣಾ?" ಎಂದು ಕೇಳಿದೆ.

"ನಂದೇನ್ ಬಿಡು. ನಿಂದು ಮೊದ್ಲು ಮುಗೀಲಿ."

ನಾನು ನನ್ನ ಕಾಗದಗಳಿಗೇ ಮರಳಿದೆ. ನನ್ನ ಹೆದರಿಕೆಯಲ್ಲೇ ಮುಳುಗಿದ್ದವಳಿಗೆ ಅವರ ಕವರ್ ಎಲ್ಲಿದೆ ಎಂದು ಕೇಳಲು ತೋಚಲಿಲ್ಲ. ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆರೋಪ ಸಾಬೀತಾಗಿಲ್ಲ ಎಂಬ ಆದೇಶ ನನ್ನ ಕೈಗೆ ಬರುವ ಹೊತ್ತಿಗೆ ಅವರು ತಮ್ಮ ಮೇಲಿನ ವಿಚಾರಣೆ ಮುಗಿಯದೆಯೇ ನಿವೃತ್ತರಾಗಿ, ಲಕ್ವ ಹೊಡೆದು ಬಳ್ಳಿಗಾವಿಯ ಮನೆಯಲ್ಲಿ ಮಲಗಿದ್ದರು. ಬಸ್ಸು ಹತ್ತಿ ಹೋಗಿ ಆದೇಶ ತೋರಿಸಿದೆ. ತೊದಲುತ್ತ ಕೇಳಿದ್ದು ಒಂದೇ: "ಕವರ್ ಇಟ್ಟೀಯಾ?" ದಿಂಬಿನ ಕೆಳಗಿನಿಂದ ದಬ್ಬಣವನ್ನು ಎಡಗೈಯಲ್ಲಿ ತೆಗೆದು ಕೊಟ್ಟರು. ಆದೇಶವನ್ನು ಅದರ ಕವರಿಗೆ ಸೇರಿಸಿ ಅವರ ಎದುರಿಗೇ ಹೊಲಿದೆ. "ಗಂಟು ಬಿಗಿ ಮಾಡು" ಎಂದರು. ಅವರಿಂದ ನಾನು ಕೇಳಿದ ಕೊನೆಯ ಮಾತು ಅದೇ, ತಿಂಗಳೊಳಗೆ ಹೋಗಿಬಿಟ್ಟರು.

ಅವರ ಹೆಸರಿನಲ್ಲಿ ನಡೆದ ಗಣಾರಾಧನೆಯ ದಿನ ಅವರ ಹೆಂಡತಿ ಗಂಗಮ್ಮ ಒಂದು ಚೀಲ ತಂದು ನನ್ನ ಮುಂದಿಟ್ಟರು. "ಆಫೀಸಿನ ಕಾಗ್ದ ಅದಾವು. ನಂಗೇನ್ ತಿಳೀತೈತವ್ವಾ, ನೀನ ನೋಡು" ಎಂದರು. ಮೇಲೆ ನನ್ನ ಕಾಗದಗಳ ಇನ್ನೊಂದು ಪ್ರತಿ, ನನಗೆ ಹೇಳದೆ ಅವರೇ ತೆಗೆದಿಟ್ಟುಕೊಂಡದ್ದು, ಎಲ್ಲವೂ ಹೊಲಿದವು. ತಳದಲ್ಲಿ ಅವರ ನೋಟಿಸು, ಜೋಪಾನವಾಗಿಟ್ಟ ಕವರಿನೊಳಗೇ. ಜೊತೆಗೊಂದು ಬಿಳಿ ಹಾಳೆ. ಅದರಲ್ಲಿ ಬರೆದದ್ದು "ಮಾನ್ಯರೇ" ಎಂದಷ್ಟೇ.

ಮನೆಗೆ ಬಂದು ಕವರಿನ ಮೊಹರಿನಿಂದ ಹದಿನೈದು ದಿನ ಎಣಿಸಿದೆ. ಆಮೇಲೆ ನನ್ನ ನೋಟ್‌ಬುಕ್ ತೆರೆದೆ. ಆ ಹದಿನೈದು ದಿನವೂ ಸಂಜೆ ಅವರು ನನ್ನ ಪಕ್ಕ ಕೂತು ನನ್ನ ಹೇಳಿಕೆ ಬರೆಸಿದ್ದರು. ಪ್ರತಿಯೊಂದೂ ತಾರೀಖಿನ ಸಮೇತ, ನನ್ನದೇ ಅಕ್ಷರದಲ್ಲಿದೆ.