ಅತ್ತೆ ಬೇಡಿದ ಕರು

ತೆಲುಗು ರಾಜಧಾನಿಯ ಮಾದಾಪುರ ಬಡಾವಣೆಯಲ್ಲಿ ಗಾಜಿನ ಕಟ್ಟಡಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ನನ್ನ ಗಂಡ ಅಂಥದೊಂದು ಗಾಜಿನೊಳಗೆ ಕೂತು ಕಂಪ್ಯೂಟರ್ ಕುಟ್ಟುತ್ತಿದ್ದರೆ, ಅವರಷ್ಟೇ ಓದಿದ ನಾನು ನಾಚಾರಂನ ಶೆಡ್ಡೊಂದರಲ್ಲಿ ಹೋರಿಗರುವಿನ ಪಕ್ಕ ನಿಂತಿರುತ್ತಿದ್ದೆ. ನಮ್ಮದು ಸಣ್ಣ ಕಂಪನಿ. ಸೋತ ಹೃದಯದ ಜೊತೆ ನಿಂತು ರಕ್ತ ತಳ್ಳುವ ಪಂಪು ಮಾಡುತ್ತಿದ್ದೆವು. ಮನುಷ್ಯರ ಎದೆಗೆ ಹಾಕುವ ಮುಂಚೆ ಕರುಗಳಿಗೆ ಹಾಕಿ ನೋಡಬೇಕು. "ನಿಮ್ದು ಯಾವ ಸಾಫ್ಟ್‌ವೇರ್ ಕಂಪನಿ?" ಎಂದು ಸನತ್‌ನಗರದ ನೆರೆಹೊರೆಯವರು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲವೇ ಇವರಿಗೆ!

ನಮ್ಮ ಅತ್ತೆಗೆ ಮಾತ್ರ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಿಜಾಪುರದ ಕಡೆಯ ಒಕ್ಕಲುತನದ ಮನೆಯಿಂದ ಬಂದವರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಅವರ ಮೂಗು ಅರಳುತ್ತಿತ್ತು.

"ಏನವಾ, ಆಫೀಸಿಗೆ ಹೋಗಿದ್ದ್ಯೋ, ದನದ ಕೊಟ್ಟಿಗಿಗೋ?"

"ಎರಡೂ ಒಂದ ಅತ್ತಿ," ಎಂದು ನಾನೂ ಬಿಡುತ್ತಿರಲಿಲ್ಲ.

ಹಿಂದಿನ ಕರುಗಳು ಆಪರೇಷನ್ ಆದ ಕೂಡಲೇ ಸತ್ತಿದ್ದವು. ಇದೊಂದು ಎದ್ದು ನಿಂತಿತು. ಪಕ್ಕೆಯಿಂದ ಹೊರಬಂದ ತಂತಿ, ಪಂಪಿಗೆ ಕರೆಂಟು ಕೊಡುವ ಗೋಡೆಯ ಡಬ್ಬಿಗೆ ಹೋಗುತ್ತಿತ್ತು. ಅದರ ಪರಿವೆಯೇ ಇಲ್ಲದೆ ಕರು ಹುಲ್ಲು ಮೇಯುತ್ತಾ, ಸಿಕ್ಕರೆ ನನ್ನ ದುಪಟ್ಟಾವನ್ನೂ ಮೇಯುತ್ತಾ ಮೈ ತುಂಬಿಕೊಂಡಿತು. ಶೆಡ್ಡಿನಲ್ಲಿ ಎಲ್ಲರದೂ ತೆಲುಗು, ಹಿಂದಿ. ನಾನು ಅದರ ಜೊತೆ ಕನ್ನಡದಲ್ಲಿ ಹರಟುತ್ತಿದ್ದೆ. ನನ್ನ ದನಿ ಕೇಳಿದರೆ ಕಿವಿ ನಿಮಿರಿಸಿ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಅತ್ತೆ ನನಗೆ ಚಹಾ ಬೇಕೇ ಎನ್ನುವ ಮೊದಲೇ "ನಿನ್ನ ತಮ್ಮ ಹೆಂಗದಾನ?" ಎಂದು ಅದನ್ನು ವಿಚಾರಿಸುತ್ತಿದ್ದರು.

ಒಂದು ಸಂಜೆ ಜೋಳದ ಹಿಟ್ಟು ನಾದುತ್ತಾ ಅವರು ಅಂದರು, "ನಿಮ್ಮ ಕೆಲಸ ಮುಗದ ಮ್ಯಾಲ ಆ ಕರಾ ನಮಗ ಕೊಡಸು. ಊರಾಗ ಬಸವಣ್ಣನ ಹೆಸರಿಗೆ ಬಿಡ್ತೀನಿ. ಹರಕಿ ಹೊತ್ತೀನಿ."

ದೇವರ ಹೆಸರಿಗೆ ಬಿಟ್ಟ ಹೋರಿಗೆ ನೊಗವಿಲ್ಲ, ಹಗ್ಗವಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಬಾರುಕೋಲು ಎತ್ತುವವರಿಲ್ಲ. ಅವರು ಅಷ್ಟು ಖುಷಿಯಲ್ಲಿದ್ದಾಗ ನಾನು ಹೇಳಲೇಬೇಕಾಯಿತು. ಪರೀಕ್ಷೆಯ ಅವಧಿ ಮುಗಿದ ದಿನ ಕರುವಿಗೆ ಸೂಜಿ ಚುಚ್ಚಿ ಸಾಯಿಸುತ್ತಾರೆ, ಪಂಪಿನಲ್ಲಿ, ಕಿಡ್ನಿಯಲ್ಲಿ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದೆಯೋ ಎಂದು ಕೊಯ್ದು ನೋಡುತ್ತಾರೆ ಎಂದೆ.

"ಚಲೋ ಇದ್ರೂ?"

"ಚಲೋ ಇದ್ರೂ."

ಅವರ ಕೈ ಹಿಟ್ಟಿನಲ್ಲೇ ನಿಂತಿತು. "ಸತ್ತದ್ದನ್ನ ಕೊಯ್ದು ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಬದಕಿದ್ದಕ್ಕ ಇದ್ಯಾವ ಶಿಕ್ಷಾ? ನಿಮ್ಮ ಸಾಹೇಬರನ್ನ ಒಂದ ಮಾತ ಕೇಳವಾ. ಈ ಒಂದ ಬಿಡ್ರಿ ಅನ್ನು."

ಮರುದಿನ ಕೇಳಿದೆ. ಸಾಹೇಬರು ಎಂದರೆ ಪಂಪು ಜೋಡಿಸುವ ಡಾಕ್ಟರು, ತೆಲುಗಿನವರು. "ಏಂಟಮ್ಮಾ," ಇದೇನಮ್ಮಾ ಎಂದು ನಕ್ಕರು. ಒಳಗೆ ಏನಾಗಿದೆ ಎಂದು ನೋಡದೆಯೇ ನಾಳೆ ಈ ಪಂಪನ್ನು ನಿಮ್ಮ ತಂದೆಯ ಎದೆಗೆ ಹಾಕಲೇ ಎಂದರು. ಅವರು ಹೇಳಿದ್ದು ಸರಿಯೇ. ನನಗೆ ನಾಚಿಕೆಯಾದದ್ದು ಅದಕ್ಕಲ್ಲ. ಅವರ ಮಾತು ಮುಗಿಯುವ ಮೊದಲೇ ನನ್ನ ಬಾಯಿಂದ ಬಂದಿತ್ತು: "ಸುಮ್ಮನೆ ಕೇಳಿದೆ ಸರ್. ನಮ್ಮ ಅತ್ತೆ ಹಳ್ಳಿಯವರು, ಅವರಿಗೆ ಇದೆಲ್ಲ ತಿಳಿಯಲ್ಲ." ಥೂ, ಎಂಥ ನಾಲಿಗೆ! ಕರುವನ್ನು ನಾನೂ ಬೇಡಲು ಹೋಗಿದ್ದೆ, ಅತ್ತೆಯನ್ನು ಮುಂದೆ ನೂಕಿ ಜಾರಿಕೊಂಡೆ.

ಆ ದಿನ ಬಂತು. ಅತ್ತೆಗೆ ಬೆಳಿಗ್ಗೆಯೇ ಹೇಳಿ ಹೊರಟಿದ್ದೆ. ಆಪರೇಷನ್ ಕೋಣೆಯ ಹೊಸ್ತಿಲಲ್ಲಿ ಕರು ಕಾಲೂರಿ ನಿಂತುಬಿಟ್ಟಿತು. ಇಬ್ಬರು ನೂಕಿದರೂ ಜಪ್ಪಯ್ಯ ಎನ್ನಲಿಲ್ಲ. ಎಳೆದರೆ ತಂತಿ ಕಿತ್ತುಬರುವ ಭಯ. ಯಾರೋ ನನ್ನನ್ನು ಕರೆಸಿದರು. ನಾನು ಒಳಗೆ ಹೋಗಿ ಮೇಜಿನ ಪಕ್ಕ ನಿಂತು, "ಬಾ ತಮ್ಮಾ, ಬಾ," ಎಂದೆ. ಬಂತು. ಬಂದು ನನ್ನ ಅಂಗೈ ನೆಕ್ಕಿತು. ಸೂಜಿ ಹಾಕುವಾಗ ಅದರ ತಲೆ ಹಿಡಿದುಕೊಂಡಿದ್ದವಳೂ ನಾನೇ.

ಪಂಪು ಬಿಚ್ಚಿ ನೋಡಿದರೆ ಒಳಗೆ ಒಂದು ಕಲೆಯಿಲ್ಲ. ಕಿಡ್ನಿಯೂ ಸ್ವಚ್ಛ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಖುಷಿಯಾಗಿತ್ತು. ಎಷ್ಟು ವರ್ಷದ ಕಷ್ಟ ಅದು! ಅಂಗೈಯಲ್ಲಿ ಕರುವಿನ ಜೊಲ್ಲು ಇನ್ನೂ ಅಂಟಂಟಾಗಿತ್ತು.

ಮನೆಗೆ ಬಂದಾಗ ಅಡುಗೆಮನೆ ತಣ್ಣಗಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಆಫೀಸಿನ ಕ್ಯಾಬ್‌ನಲ್ಲಿ ಆಗತಾನೆ ಬಂದಿದ್ದ ಗಂಡ, "ಯಾಕ ಅವ್ವಾ, ಇವತ್ತ ಒಲಿ ಹಚ್ಚಿಲ್ಲ?" ಎಂದರು. ಅತ್ತೆಯ ತವರಿನಲ್ಲಿ ಮನೆಯ ಎತ್ತು ಸತ್ತರೆ ಮಣ್ಣು ಮಾಡುವ ತನಕ ಒಲೆ ಹಚ್ಚುವುದಿಲ್ಲ. ಅದು ನನಗೆ ಗೊತ್ತಿತ್ತು.

ಅತ್ತೆ ಮಗನಿಗೆ ಉತ್ತರ ಕೊಡದೆ ನನ್ನನ್ನು ಕೇಳಿದರು, "ಮಣ್ಣ ಕೊಟ್ಟು ಬಂದ್ರ್ಯಾ?"

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನನ್ನಿಂದ ಆಗಲಿಲ್ಲ. "ಇಲ್ಲ ಅತ್ತಿ. ಸುಡಾಕ ಗಾಡ್ಯಾಗ ಕಳಸ್ಯಾರ. ಅದರ ಎದಿಗುಂಡಿಗಿ ಬಾಟ್ಲ್ಯಾಗ ಇಟ್ಟೀವಿ."

"ಎಷ್ಟ ದಿನಾ?"

"ಅದು ಅಲ್ಲೇ ಇರತೈತಿ. ಬಂದವರಿಗೆ ತೋರಸಾಕ."

ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅವರು ಬೈಯಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದರು.

"ಹಂಗಾದ್ರ ಈ ಸೂತಕಕ್ಕ ಮುಗಿಯೂದಂತ ಇಲ್ಲ. ಒಲಿ ಹಚ್ಚತೀನಿ, ಕೈಕಾಲ ತೊಳ್ಕೊಂಡ ಬಾ."

ತೊಳೆದುಕೊಂಡು ಬಂದು ಕೂತೆ. ಬಿಸಿ ರೊಟ್ಟಿ, ಪುಂಡಿಪಲ್ಯ ಮೊದಲು ನನಗೇ ಬಡಿಸಿದರು. ತಮಗೆ ತಾಟು ಹಾಕಿಕೊಳ್ಳಲಿಲ್ಲ. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವು ಕಿತ್ತು ತಿನ್ನುತ್ತಿತ್ತು. ಎರಡನೆಯ ರೊಟ್ಟಿಯನ್ನು ನಾನೇ ಕೇಳಿ ಹಾಕಿಸಿಕೊಂಡೆ.