ನರಸಮ್ಮನ ಮೂರನೆಯ ಕೂಗು

ನನ್ನಮ್ಮ ನರಸಮ್ಮ ಸಾವಿನ ಮನೆಗಳಲ್ಲಿ ಹಾಡುತ್ತಿದ್ದಳು. ಹೊಸೂರಿನ ಹತ್ತಿರದ ನಮ್ಮ ತಳಿ ಊರಿನ ಕಡೆಯ ಹತ್ತೂರಲ್ಲಿ ಯಾರು ಸತ್ತರೂ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ರಾಗಿ ಕೊಯ್ಲಿನ ನಡುವೆಯೇ ಕುಡುಗೋಲು ಬಿಸಾಕಿ ಹೊರಟುಬಿಡುತ್ತಿದ್ದಳು. ಹೆಣದ ತಲೆಯ ಹತ್ತಿರ ಕೂತು ಸತ್ತವರ ಬದುಕನ್ನೆಲ್ಲ ಹಾಡಿ, ಕೊನೆಗೆ ಬಾಗಿಲಲ್ಲಿ ನಿಂತು ಅವರ ಹೆಸರನ್ನು ಮೂರು ಸಲ ಕೂಗುತ್ತಿದ್ದಳು. ಆ ಕೂಗಿಗೆ ಯಾರೂ ಓಗೊಡಬಾರದು. ಓಗೊಟ್ಟವರಲ್ಲಿ ಕಡೆಯ ದನಿ ಯಾರದೋ, ಅವರನ್ನು ಸತ್ತವರು ಜೊತೆಗೆ ಕರೆದೊಯ್ಯುತ್ತಾರೆ. ಚಿಕ್ಕಂದಿನಲ್ಲಿ ಆ ಹೊತ್ತಿಗೆ ನಾವೆಲ್ಲ ಬಾಯಿಗೆ ಬಟ್ಟೆ ತುರುಕಿಕೊಳ್ಳುತ್ತಿದ್ದೆವು.

ಇಂಥವಳ ಮಗ ನಾನು, ಮುನೀಂದ್ರ, ರ್‍ಯಾಪ್ ಹಿಡಿದೆ. ಇಪ್ಪತ್ತೆರಡು ವರ್ಷದ ಹಿಂದೆ, ಹೊಸೂರಿನ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ, ಸೀಟು ಬಡಿಯುತ್ತ. ಅರ್ಧ ಕನ್ನಡ, ಅರ್ಧ ತಮಿಳು, ಸಿಟ್ಟು ಬಂದರೆ ತೆಲುಗು. ಹೇಳುತ್ತಿದ್ದುದು ಮಾತ್ರ ಒಂದೇ, ಮುನೀಂದ್ರ ಅಂದರೆ ಯಾರು ಗೊತ್ತಾ ಎಂಬ ಬಡಾಯಿ. ಟೀವಿಯ ಇಂಗ್ಲಿಷ್ ರ್‍ಯಾಪಿನವರ ಒಂದು ಮಾತೂ ತಿಳಿಯದೆ ಅವರ ಹಾಗೆ ಕೈ ಆಡಿಸುತ್ತಿದ್ದೆ.

ಅಮ್ಮ ಒಂದು ದಿನ ಕೇಳಿದಳು: "ನಿನ್ನೆಸ್ರು ನೀನೇ ಕೂಗ್ಕೊತೀಯಲ್ಲ, ಯಾರಾದ್ರೂ ಓ ಅಂದ್ಬುಟ್ರೆ ಏನ್ಮಾಡ್ತೀಯಲಾ?"

ಮದುವೆಯಾದ ಮೇಲೆ ಎಲ್ಲ ಬಿಟ್ಟೆ.

ನನ್ನ ಮಗಳು ಶರ್ಮಿಳಾಗೆ ಬಡಾಯಿ ಬೇಡ. "ಅಪ್ಪಾ, ನಿಮ್ದು ಬರೀ ಕಾಪಿ. ನಮ್ಗೆ ನಮ್ಮನೆ ದನೀನೇ ಬೇಕು" ಎಂದಳು. ಹೋದ ವರ್ಷ ಪಕ್ಕದ ಮನೆಯ ಪಾಪಯ್ಯ ತೀರಿಕೊಂಡಾಗ ಅಜ್ಜಿಯ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಅದಕ್ಕೆ ಬೀಟ್ ಕೂಡಿಸಿ ಕಾಲೇಜಿನ ಸಮಾರಂಭದಲ್ಲಿ ರ್‍ಯಾಪ್ ಮಾಡುತ್ತೇನೆ ಅಂದಳು. ಅಮ್ಮ ಬೇಡ ಅನ್ನಲಿಲ್ಲ. ಮೊಮ್ಮಗಳೆಂದರೆ ಕರಗಿಹೋಗುತ್ತಿದ್ದಳು ಮುದುಕಿ.

"ಕೂಗಾದ್ಮೇಲೆ ಸುಮ್ನಿರ್ಬೇಕು ಕಣೇ. ನಾನೆಷ್ಟೊತ್ತು ಬಿಡ್ತೀನೋ ಅಷ್ಟೊತ್ತೂ" ಎಂದಳು, ಅಷ್ಟೆ.

ಮಗು ಹಾಗೆಯೇ ಮಾಡಿತು. ಅಲ್ಲೇ ಎಲ್ಲ ಕೆಟ್ಟಿತು.

ಸಮಾರಂಭಕ್ಕೆ ನಾನೂ ಅಮ್ಮನೂ ಹೋಗಿ ಮಕ್ಕಳ ನಡುವೆ ಕೂತಿದ್ದೆವು. ಹಾಡು ಚೆನ್ನಾಗಿತ್ತು, ಒಪ್ಪುತ್ತೇನೆ, ನನಗೆ ಹೊಟ್ಟೆಕಿಚ್ಚೂ ಆಯಿತು. ಬೀಟ್ ನಿಂತಿತು. ಸ್ಪೀಕರಿನಿಂದ ಅಮ್ಮನ ದನಿ ಬಂತು: "ಪಾಪಯ್ಯಾ..." ಆಮೇಲೆ ಅಜ್ಜಿ ಹೇಳಿದಷ್ಟೂ ಹೊತ್ತು ಮೌನ. ಈಗಿನ ಮಕ್ಕಳಿಗೆ ವೇದಿಕೆಯಿಂದ ಒಂದು ಹೆಸರು ಬಂದು ಮೌನ ಬಿದ್ದರೆ ಮುಗಿಯಿತು, ಅದು ತಮ್ಮ ಸರದಿ. ನಾನೂರು ಬಾಯಿ ಒಟ್ಟಿಗೆ "ಓ" ಅಂದವು.

ಶರ್ಮಿಳಾ ಬೇಡ ಬೇಡ ಎಂದು ಕೈ ಆಡಿಸಿದಳು. ಇನ್ನೂ ಜೋರಾಗಿ ಅನ್ನಬೇಕೆಂದು ಅವರು ತಿಳಿದರು. ಎರಡನೆಯ ಕೂಗಿಗೆ ಶಾಮಿಯಾನವೇ ಅದುರಿತು. ಆ ದನಿಗಳ ಹಿಂದೆ ಯಾರೋ ಕೆಮ್ಮಿದರು. ಪಾಪಯ್ಯ ಹಾಗೆಯೇ ಕೆಮ್ಮುತ್ತಿದ್ದ.

ಮೂರನೆಯ ಕೂಗು ಬಂದಾಗ ನನ್ನ ಬಾಯಿಂದಲೂ "ಓ" ಹೊರಟುಹೋಗಿತ್ತು, ರ್‍ಯಾಪಿನ ಹಾಳಾದ ಹಳೇ ಚಟ. ಪಕ್ಕದಲ್ಲಿದ್ದ ಅಮ್ಮ ಎದ್ದು ನಿಂತಳು. ಎಲ್ಲರ ದನಿಯೂ ಪೂರ್ತಿ ಆರುವವರೆಗೆ ಕಾದಳು. ಆಮೇಲೆ ಒಬ್ಬಳೇ, ಸಣ್ಣಗೆ, "ಓ" ಅಂದಳು.

ಬಸ್ ನಿಲ್ದಾಣದವರೆಗೂ ಭಯಕ್ಕೆ ಅವಳನ್ನು ಬೈಯುತ್ತಲೇ ಬಂದೆ. "ಯಾಕಮ್ಮಾ ಹಿಂಗ್ಮಾಡ್ಬುಟ್ಟೆ?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಷ್ಟೊಂದು ಮಕ್ಳು ಕಣ್ಲಾ. ನೀನೂ ಬಾಯ್ಬಿಟ್ಟಿದ್ದೆ."